ಸೀಸೆಯೊಳಗಿನ ಕಂಬರ್‌ಕಟ್

ಅಕ್ಕನ ಜೊತೆ ನ್ಯೂಜಿಲೆಂಡಿನ ಟೌರಂಗಾ ಊರಿನ ವಾರದ ಸಂತೆಗೆ ಹೋಗಿದ್ದೆ. ತಾನೇ ಸೆಂಟು ತಯಾರಿಸಿ ಮಾರುವ ಬೆಂಗಳೂರಿನ ಹುಡುಗಿಯೊಬ್ಬಳು ಕಾಗದದ ಪಟ್ಟಿಗೆ ಸಿಂಪಡಿಸಿ ಕೊಟ್ಟಳು.

"ಕಂಬರ್‌ಕಟ್ ಸ್ಮೆಲ್ ಅಂಕಲ್. ಫುಲ್ ಚೈಲ್ಡ್‌ಹುಡ್ ಈ ಬಾಟಲ್‌ನಲ್ಲಿದೆ."

ಮೂಸಿದೆ. ಬೆಲ್ಲವಿತ್ತು, ಕೊಬ್ಬರಿಯಿತ್ತು, ಕಂಬರ್‌ಕಟ್ ಮಾತ್ರ ಇರಲಿಲ್ಲ.

ಚಿಕ್ಕಂದಿನಲ್ಲಿ ಕಲ್ಲಿನಂಥ ಆ ಮಿಠಾಯಿಯನ್ನು ಅಕ್ಕ ಲಂಗದ ಅಂಚಿನಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಟಕ್ಕನೆ ಕಚ್ಚಿ, ಅರ್ಧ ನನಗೆ ಕೊಡುತ್ತಿದ್ದಳು.

"ಎಂಜಲು ತಿಂತಿದೀಯೇನೋ?" ಎಂದು ಅಜ್ಜಿ ಗದರಿಸುತ್ತಿದ್ದಳು.

"ಕಾಗೆ ಎಂಜಲು ಅಜ್ಜಿ, ಬಟ್ಟೆ ಇತ್ತು."

ಬಾರ್ ಸೋಪು, ಬೆವರು ಬೆರೆತ ಆ ಲಂಗದ ವಾಸನೆಯಿಲ್ಲದ ಕಂಬರ್‌ಕಟ್ಟನ್ನು ನಾನು ತಿಂದೇ ಇಲ್ಲ. ಈ ಸೀಸೆಯ ಬಾಲ್ಯವೋ, ಯಾರ ಹಲ್ಲೂ ತಾಗದೆ ಆಸ್ಪತ್ರೆಯಷ್ಟು ಶುಚಿಯಾಗಿತ್ತು.

ಅಕ್ಕ ಪಟ್ಟಿಯನ್ನು ಕಿತ್ತುಕೊಂಡು ಜಾಕೆಟ್ಟಿನ ತೋಳಿನಲ್ಲಿ ಸುತ್ತಿ, ಕಚ್ಚಿ ಹರಿದು, ಅರ್ಧ ನನ್ನ ಕೈಗಿಟ್ಟಳು.

"ಈಗ ಮೂಸು. ಸ್ವಲ್ಪ ವಾಸಿ."