ಕೊನೆಯ ಹಾಳೆಗಳಿಲ್ಲದ ಕಾದಂಬರಿಗಳು

ಚಿಕ್ಕಜಾಜೂರಿನ ಶಾಲೆಯಿಂದ ಹೊಳಲ್ಕೆರೆಗೆ ಮರಳುವ ಬಸ್ಸಿನಲ್ಲಿ ಓದುತ್ತಾ ಕುಳಿತಿದ್ದೆ. ಕೆಟ್ಟುನಿಂತ ಬಾಹ್ಯಾಕಾಶ ನೌಕೆಯಲ್ಲಿ ಒಬ್ಬಳೇ ಉಳಿದ ಹುಡುಗಿ ಭೂಮಿಗೆ ಕೊನೆಯ ಸಂದೇಶ ಕಳಿಸಲು ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಪುಟ ತಿರುವಿದರೆ ಬರೀ ರಟ್ಟು! ವಾಕ್ಯ ಅರ್ಧಕ್ಕೇ ನಿಂತಿತ್ತು. ಹೊಲಿಗೆಯ ಬಳಿ ಬ್ಲೇಡಿನಲ್ಲಿ ಕತ್ತರಿಸಿದ ಹಾಳೆಗಳ ಅಂಚು ಕಾಣಿಸಿತು.

ಪುಸ್ತಕ ಕೊಟ್ಟವರು ಶಾಲೆಯ ಹಿಂದಿನ ಬೀದಿಯ, ರೈಲ್ವೆಯಿಂದ ನಿವೃತ್ತರಾದ ಹಿರಿಯರು. ಎಷ್ಟೋ ವರ್ಷಗಳಿಂದ ನಾನು ಓದುತ್ತಿದ್ದುದು ಅವರು "ಇದನ್ನ ಓದ್ಲೇಬೇಕು ಮೇಡಂ" ಎಂದು ಕೈಗಿಟ್ಟ ಕಾದಂಬರಿಗಳನ್ನೇ.

ಮರುದಿನ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ಹೋಗಿ ಪುಸ್ತಕ ತೆರೆದು ತೋರಿಸಿದೆ.

"ನಾನೇ ಕತ್ತರಿಸಿದ್ದು," ಎಂದರು. ಆಮೇಲೆ ಅಡುಗೆಮನೆಯತ್ತ ನೋಡಿ ದನಿ ತಗ್ಗಿಸಿದರು. "ಕೊನೇಲಿ ಯಾರಾದ್ರೂ ಸತ್ರೆ ನಮ್ಮನೆಯವಳು ಊಟ ಬಿಟ್ಟು ಕುಂತ್ಕಂಬಿಡ್ತಾಳೆ. ಅದಕ್ಕೇ ಅವಳ ಕೈಗೆ ಸಿಗೋ ಮೊದ್ಲೇ ತೆಗೆದುಬಿಡ್ತೀನಿ. ಅಧ್ಯಾಯ ಮುಗಿದ ಕಡೆ ನೋಡಿ ಕತ್ತರಿಸ್ತಿದ್ದೆ, ಈ ಸಲ ಒಂದು ಹಾಳೆ ಜಾಸ್ತಿ ಹೋಗೈತೆ."

"ಈ ಸಲ ಅಂದ್ರೆ? ಬೇರೆ ಪುಸ್ತಕದಲ್ಲೂ...?"

"ಬಾಳ ಅವೆ."

ಕೊನೆಯನ್ನು ಓದುಗರಿಗೇ ಬಿಟ್ಟುಬಿಡುವ ಲೇಖಕರ ಸಂಯಮವನ್ನು ಎಷ್ಟು ಜನರೆದುರು ಹೊಗಳಿದ್ದೆ! ಚಿತ್ರದುರ್ಗದ ಸಭೆಯೊಂದರಲ್ಲಿ ಅದರ ಬಗ್ಗೆಯೇ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಅಷ್ಟರಲ್ಲಿ ಅವರ ಹೆಂಡತಿ ಟೀ ತಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆ ಹುಡುಗಿ ವಾಪಸ್ ಬರಲ್ಲ ಕಣಮ್ಮ," ಎಂದು ನನಗೆ ಲೋಟ ಕೊಟ್ಟರು. "ಅವರಮ್ಮಂಗೆ ಆರಾಮಾಗಿದೀನಿ ಅಂತ ಸುಳ್ಳು ಹೇಳಿ, ತಾನೇ ದೀಪ ಆರಿಸ್ತಾಳೆ."

ಹಿರಿಯರು ತಟ್ಟನೆ ಹೆಂಡತಿಯತ್ತ ತಿರುಗಿದರು. "ನಿಂಗೆ ಹೆಂಗೆ ಗೊತ್ತು?"

"ಅಟ್ಟದ ಟ್ರಂಕಿನಾಗೆ ಇಟ್ಟಿದೀರಲ್ಲ. ಒಂದೂ ಬಿಡದಂಗೆ ಓದಿದೀನಿ."

"ಮತ್ತೆ ಅಳ್ಲೇ ಇಲ್ಲ?"

"ನೀವು ಹೊಳಲ್ಕೆರೆ ಸಂತೆಗೆ ಹೋದಾಗ ಅತ್ತಿದೀನಿ. ನಾನು ಅತ್ರೆ ನೀವು ತಡ್ಕಳಲ್ಲ."

ಹಿರಿಯರು ಎದ್ದು ಹೋಗಿ ಟ್ರಂಕನ್ನು ಇಳಿಸಿ ತಂದರು. ಮೂವರೂ ಜಗಲಿಯ ಮೇಲೆ ಕುಳಿತು ಯಾವ ಹಾಳೆ ಯಾವ ಪುಸ್ತಕದ್ದೆಂದು ಹೊಂದಿಸತೊಡಗಿದೆವು. ಆಕೆ ಗೋಂದು ಹಚ್ಚುತ್ತ, ಯಾರ್ಯಾರು ಹೇಗೆ ಸತ್ತರೆಂದು ನನಗೆ ಹೇಳುತ್ತ ಹೋದರು. ಬದುಕಿದ್ದಾರೆ ಅಂದುಕೊಂಡಿದ್ದ ಎಷ್ಟೋ ಜನರನ್ನು ನಾನು ಆ ಸಂಜೆ ಕಳೆದುಕೊಂಡೆ.