ಒಂದು ಮುದ್ದೆಯ ತೂಕ

ಮೊದಲು ಕಂಡದ್ದು ಬಚ್ಚಲಲ್ಲಿ. ಹೊಕ್ಕುಳ ಮೇಲೆ ನಿಂಬೆಹಣ್ಣಿನಷ್ಟು ಉಬ್ಬು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಒತ್ತಿದರೆ ಒಳಗೆ ಹೋಗುತ್ತಿತ್ತು. ನೋವಿರಲಿಲ್ಲ. ನೋವಿಲ್ಲದ್ದನ್ನು ನಮ್ಮ ಕಡೆ ಯಾರೂ ಕಾಯಿಲೆ ಎನ್ನುವುದಿಲ್ಲ. ನಾನೂ ಎಂಟು ತಿಂಗಳು ಪಂಚೆಯನ್ನು ಮೇಲೆತ್ತಿ ಕಟ್ಟಿ, ಅದನ್ನು ಮುಚ್ಚಿಕೊಂಡು ಓಡಾಡಿದೆ.

ಮೈಸೂರಿನಿಂದ ವಾರಕ್ಕೊಮ್ಮೆ ಪಾಂಡವಪುರಕ್ಕೆ ಬರುವ ಸರ್ಜನ್ ಒಬ್ಬರಿಗೆ ತೋರಿಸಿದ್ದು ಆಮೇಲೆ. ಹರ್ನಿಯಾ ಎಂದರು. ಆಪರೇಷನ್ ಆಗಬೇಕು ಎಂದರು. ಹಾಗೆಂದವರು ನನ್ನ ಹೊಟ್ಟೆಯನ್ನು, ಯಾರೋ ಮರೆತು ಬಿಟ್ಟುಹೋದ ಸಾಮಾನು ನೋಡುವಂತೆ ನೋಡಿದರು.

"ತೊಂಬತ್ತಾರು ಕೆಜಿ ಇದ್ದೀರಿ. ಈ ಹೊಟ್ಟೆಯಲ್ಲಿ ಹೊಲಿಗೆ ನಿಲ್ಲಲ್ಲ. ಹತ್ತು ಕೆಜಿ ಇಳಿಸ್ಕೊಂಡು ಬನ್ನಿ. ಅಷ್ಟರೊಳಗೆ ಉಬ್ಬು ಒಳಗೆ ಹೋಗದೆ ನಿಂತ್ರೆ ಕರುಳು ಸಿಕ್ಕಿಹಾಕ್ಕೊಂಡಿದೆ ಅಂತ. ತಕ್ಷಣ ಓಡಿ ಬರಬೇಕು. ಜೀವಕ್ಕೇ ಅಪಾಯ."

ತೂಕ ಇಳಿಯದೆ ಆಪರೇಷನ್ ಇಲ್ಲ. ಆಪರೇಷನ್ ಇಲ್ಲದೆ ಜೀವಕ್ಕೆ ಭರವಸೆ ಇಲ್ಲ.

ಊಟಕ್ಕೆ ಏನು ಎಂದು ಕೇಳಿದೆ. "ಅನ್ನ ಬಿಡಿ. ಹೊತ್ತಿಗೆ ಒಂದು ಮುದ್ದೆ, ಸೊಪ್ಪಿನ ಸಾರು. ದಿನಾ ಒಂದು ಗಂಟೆ ನಡೀರಿ."

ಒಳಗೊಳಗೇ ನಕ್ಕೆ. ನಾನು ಕೆ.ಆರ್. ಪೇಟೆಯ ಮಂಡಿಯಲ್ಲಿ ಇಪ್ಪತ್ತಾರು ವರ್ಷದಿಂದ ತೂಕದ ಕೆಲಸದವನು. ರಾಗಿ ಮೂಟೆಯನ್ನು ಕಣ್ಣಲ್ಲೇ ಅಳೆದು, ಅರ್ಧ ಕೆಜಿ ಆಚೀಚೆಗೆ ಹೇಳಿಬಿಡುತ್ತಿದ್ದೆ. ಮೂಟೆ ಹೊರುವವರು ನನ್ನನ್ನು ಕರೆಯುವುದೇ ತೂಕದ ಬೋರಣ್ಣ ಎಂದು. ನನಗೆ ತೂಕದ ಪಾಠ ಹೇಳುವವನು, ಪಂಚೆಗೂ ಲುಂಗಿಗೂ ವ್ಯತ್ಯಾಸ ತಿಳಿಯದ ಪೇಟೆ ಡಾಕ್ಟರು.

ಆದರೂ ಹೆದರಿಕೆ ಹೆದರಿಕೆಯೇ. ಮನೆಗೆ ಬಂದವನೇ ಹೆಂಡತಿ ಜಯಮ್ಮನಿಗೆ ಹೇಳಿದೆ, ಇನ್ನು ಹೊತ್ತಿಗೆ ಒಂದೇ ಮುದ್ದೆ. ಎರಡು ಮುದ್ದೆಯ ಮೇಲೆ ಅನ್ನ ಉಣ್ಣುತ್ತಿದ್ದವನು ನಾನು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಂದಿನಿಂದ ತಟ್ಟೆಯಲ್ಲಿ ಒಂದೇ ಮುದ್ದೆ. ನಾನು ತಪ್ಪಲಿಲ್ಲ, ಅವಳೂ ತಪ್ಪಲಿಲ್ಲ.

ಬೆಳಗ್ಗೆ ನಾಗಮಂಗಲದ ರಸ್ತೆಯಲ್ಲಿ ನಡೆಯತೊಡಗಿದೆ. ನನಗಿಂತ ದೊಡ್ಡ ಹೊಟ್ಟೆಯವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಬೋಂಡ ಮುರಿಯುತ್ತಾ ನನಗೆ ಸಲಹೆ ಕೊಟ್ಟರು. ರಿಟೈರ್ಡ್ ಮೇಷ್ಟ್ರೊಬ್ಬರು ಹುರುಳಿಕಟ್ಟು ಕುಡಿ ಎಂದರು. ಇನ್ನೊಬ್ಬ ಜೇನುತುಪ್ಪಕ್ಕೆ ನಿಂಬೆರಸ ಎಂದ. ಎದ್ದು ತನ್ನ ಚಪ್ಪಲಿ ಮೆಟ್ಟಿಕೊಳ್ಳಲು ಪಕ್ಕದವನ ಭುಜ ಹಿಡಿಯುವವನು ಇವನು. ಒಬ್ಬನೂ ಎದ್ದು ನನ್ನ ಜೊತೆ ಹತ್ತು ಹೆಜ್ಜೆ ಬರಲಿಲ್ಲ.

ಮೂರು ತಿಂಗಳಾಯಿತು. ಮಂಡಿಯ ದೊಡ್ಡ ತಕ್ಕಡಿಯ ಮೇಲೆ ನಿಂತೆ. ತೊಂಬತ್ತೈದು.

ಒಂದು ಕೆಜಿ. ತೊಂಬತ್ತು ದಿನ ಕಾಲು ಸವೆಸಿದ್ದಕ್ಕೆ ಒಂದು ಕೆಜಿ. ಡಾಕ್ಟರನ್ನು ಬೈದೆ, ರಸ್ತೆಯನ್ನು ಬೈದೆ, ನನ್ನ ಕೈಯಾರೆ ಸರಿಮಾಡಿದ ತಕ್ಕಡಿಯನ್ನೂ ಬೈದೆ.

ಅವತ್ತೇ ಮಧ್ಯಾಹ್ನ ಊಟಕ್ಕೆ ಕ್ಯಾರಿಯರ್ ಬಿಚ್ಚಿದೆ. ಎದುರಿಗೆ ಮೂಟೆ ಹೊರುವ ಜವರ ಕೂತಿದ್ದ. ನನ್ನ ತಟ್ಟೆ ನೋಡಿದ.

"ಅಣ್ಣ, ಡಾಕ್ಟ್ರು ಎಷ್ಟು ಮುದ್ದೆ ಅಂದವ್ರೆ?"

"ಒಂದೇ ಕಣ್ಲಾ."

"ಇದು ಒಂದಾ? ಗುಂಡ್ಕಲ್ಲು ಇದ್ದಂಗದೆ."

"ಸುಮ್ನೆ ಉಣ್ಲಾ. ಹೆಚ್ಚಂದ್ರೆ ಮುನ್ನೂರು ಗ್ರಾಂ."

ಅವನು ಸುಮ್ಮನಿರುವ ಪೈಕಿಯಲ್ಲ. ಮುದ್ದೆಯನ್ನು ಎಲೆಯ ಮೇಲಿಟ್ಟು ಸಣ್ಣ ತಕ್ಕಡಿಗೆ ಹಾಕಿದ. ಆ ಕಡೆ ಅರ್ಧ ಕೆಜಿ ಬಟ್ಟು ಇಟ್ಟ. ಮುದ್ದೆ ಏಳಲಿಲ್ಲ. ಇನ್ನೂರು ಗ್ರಾಂ ಸೇರಿಸಿದ. ಮುದ್ದೆ ಅಲ್ಲಾಡಿತು. ಇನ್ನೊಂದು ಐವತ್ತು.

ಏಳುನೂರ ಐವತ್ತು ಗ್ರಾಂ.

ಮಂಡಿಗೆ ಮಂಡಿಯೇ ನಕ್ಕಿತು. ಇಪ್ಪತ್ತಾರು ವರ್ಷ ಊರವರ ಮೂಟೆ ತೂಗಿದವನು ತನ್ನ ತಟ್ಟೆಯನ್ನು ನೋಡಿರಲಿಲ್ಲ. ಇಂಥ ಕಣ್ಣಿಟ್ಟುಕೊಂಡು ನಾನು ಡಾಕ್ಟರನ್ನು ನೋಡಿ ನಕ್ಕಿದ್ದೆ. ಅವತ್ತು ನನ್ನ ಮೇಲೆ ನನಗೇ ಹುಟ್ಟಿದ ಅಸಹ್ಯ, ಟೀ ಅಂಗಡಿಯ ಬೆಂಚಿನವರ ಮೇಲೂ ಹುಟ್ಟಿರಲಿಲ್ಲ.

ಸಂಜೆ ಜಯಮ್ಮನ ಮೇಲೆ ಹಾರಾಡಿದೆ.

"ಒಂದೇ ಅಂದ್ರಲ್ಲ, ಒಂದೇ ಕಟ್ಟಿವ್ನಿ," ಎಂದಳು. "ದಿನವೆಲ್ಲ ದುಡಿಯೋ ಜೀವ. ಒಂದ್ರಲ್ಲೇ ಹೊಟ್ಟೆ ತುಂಬ್ಲಿ ಅಂತ ವಸಿ ದಪ್ಪ ಕಟ್ಟಿದ್ದೆ."

"ಇನ್ಮೇಲೆ ಚಿಕ್ಕದು ಕಟ್ಟು."

"ಚಿಕ್ಕದು ಕಟ್ಟಾಕೆ ಈ ಕೈಗೆ ಬರಕ್ಕಿಲ್ಲ."

ಸುಳ್ಳಲ್ಲ. ಒಂದು ವಾರ ಪ್ರಯತ್ನಪಟ್ಟಳು. ಅಂಗೈ ತನ್ನಷ್ಟಕ್ಕೆ ಹಳೆಯ ಗಾತ್ರಕ್ಕೇ ಹೋಗುತ್ತಿತ್ತು. ಕೊನೆಗೆ ಮಂಡಿಯಿಂದ ಒಂದು ಹಳೆಯ ತಕ್ಕಡಿ ತಂದು ಒಲೆಯ ಪಕ್ಕ ತೂಗುಹಾಕಿದೆ. ಹೊತ್ತಿಗೆ ಕಾಲು ಕೆಜಿ, ಅಷ್ಟೇ. ನೆಂಟರು ಬಂದಾಗ ನಾಚಿಕೆಯಿಂದ ಅದರ ಮೇಲೆ ಟವೆಲ್ ಹಾಕುತ್ತಿದ್ದಳು.

ಮೊದಲ ತಿಂಗಳು ಎರಡು ಕೆಜಿ ಇಳಿಯಿತು. ಉಬ್ಬಿಹೋದೆ. ಎರಡನೆಯ ತಿಂಗಳು ಅರ್ಧ. ಮೂರನೆಯ ತಿಂಗಳು ಏನೂ ಇಲ್ಲ, ಮುಳ್ಳು ಅಲ್ಲಾಡಲಿಲ್ಲ. ನಿಜವಾದ ಕಷ್ಟ ಇದು. ಹಸಿವನ್ನು ತಡೆಯಬಹುದು, ಕಾಲುನೋವನ್ನು ತಡೆಯಬಹುದು, ಎಲ್ಲ ಸರಿಯಾಗಿ ಮಾಡಿಯೂ ನಿನ್ನೆಯ ಅಂಕಿಯೇ ಇವತ್ತೂ ಕಂಡರೆ ಮನುಷ್ಯ ಯಾರ ಮುಖ ನೋಡಿ ಮರುದಿನ ಎದ್ದು ನಡೆಯಬೇಕು? ನಾನು ನಡೆಯಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ಮಸಾಲೆ ದೋಸೆ, ಆಮೇಲೆ ಟೀ ಅಂಗಡಿಯಲ್ಲಿ ಒಂದು ಪ್ಲೇಟು ಬೋಂಡ ತಿಂದೆ. ಬೆಂಚಿನವರು ಜಾಗ ಬಿಟ್ಟುಕೊಟ್ಟರು, ಸಂತೋಷದಿಂದ. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ಮಂಡಿಯಲ್ಲಿ ಸೀನಿದೆ. ಉಬ್ಬು ಹೊರಗೆ ಬಂತು.

ಒಳಗೆ ಹೋಗಲಿಲ್ಲ.

ಒತ್ತಿದೆ. ಕಲ್ಲಾಗಿತ್ತು. ಹೊಟ್ಟೆ ಹಿಂಡಿತು, ಬಾಯಲ್ಲಿ ಹುಳಿನೀರು. ಜವರ ರಾಗಿ ಮೂಟೆಗಳ ಮೇಲೆ ನನ್ನನ್ನು ಅಂಗಾತ ಮಲಗಿಸಿ ಮೊಣಕಾಲು ಮಡಿಸಿದ. "ಉಸ್ರು ಬುಡಣ್ಣ, ಬಿಗಿ ಇಡ್ಕೋಬ್ಯಾಡ," ಎನ್ನುತ್ತಾ ಪಕ್ಕದಲ್ಲೇ ನಿಂತ. ಇನ್ನೊಬ್ಬ ಟೆಂಪೋ ತರಲು ಓಡಿದ. ನಾನು ಸೂರು ನೋಡುತ್ತಾ ಮಲಗಿದ್ದೆ. ಬೋಂಡಕ್ಕೆ ಸಾಯುತ್ತೇನಲ್ಲ ಎಂದು ನಾಚಿಕೆಯಾಯಿತು. ಜಯಮ್ಮನಿಗೆ ಯಾರು ಹೇಳುತ್ತಾರೆ ಎಂದು ಅಳು ಬಂತು. ಟೆಂಪೋ ಬರುವ ಹೊತ್ತಿಗೆ ಅದು ತಾನಾಗಿ ಒಳಗೆ ಜಾರಿತು.

ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಾಗ ಸರ್ಜನ್ ಬೈದರು. ಅದೇ ಟೆಂಪೋದಲ್ಲಿ ಮೈಸೂರಿಗೆ ಹೋಗಿ ತೋರಿಸಿದೆ, ಎದುರಿಗೆ ಇನ್ನಷ್ಟು ಬೈದರು. ಉಬ್ಬು ಒಳಗೆ ಹೋಗಿದೆ, ಈಗಲೂ ತೂಕವೇ ಮೊದಲು ಎಂದರು. ಬೈಸಿಕೊಂಡೆ. ಮರುದಿನದಿಂದ ಮತ್ತೆ ನಡೆದೆ. ತಿಂಗಳಿಗೆ ಒಂದು ಕೆಜಿ, ಕೆಲವು ತಿಂಗಳು ಅದೂ ಇಲ್ಲ. ಉತ್ಸಾಹವೇನೂ ಇರಲಿಲ್ಲ. ಬೆಂಚಿನವರ ಮುಂದೆ ಮತ್ತೆ ಹೋಗಿ ಕೂರಬಾರದು ಎಂಬ ಹಟ ಇತ್ತು, ಅದೇ ಸಾಕಾಯಿತು.

ಏಳು ತಿಂಗಳ ನಂತರ ಸರ್ಜನ್ನರ ತಕ್ಕಡಿ ಹತ್ತಿದೆ. ಎಂಬತ್ತೇಳು.

"ಇನ್ನೊಂದು ಕೆಜಿ ಬಾಕಿ," ಎಂದರು.

"ಸಾರ್, ಮೂಟೆ ತೂಗಿದ್ಮೇಲೆ ಗೋಣಿ ತೂಕ ಕಳೀಬೇಕು," ಎಂದೆ. ಚಪ್ಪಲಿ, ಸ್ವೆಟರ್, ಶರಟು, ಹೊಟ್ಟೆಗೆ ಕಟ್ಟಿದ್ದ ಬೆಲ್ಟು, ಒಂದೊಂದಾಗಿ ತೆಗೆದು ಮತ್ತೆ ಹತ್ತಿದೆ. ಎಂಬತ್ತೈದೂ ಮುಕ್ಕಾಲು. ಅವರು ಮುಖ ತಿರುಗಿಸಿ ನಕ್ಕು, ಅಡ್ಮಿಷನ್ ಚೀಟಿ ಬರೆದರು.

ಆಪರೇಷನ್ ಆಗಿ ಎರಡು ತಿಂಗಳಾಯಿತು. ಹೊಲಿಗೆ ನಿಂತಿದೆ. ಮೂಟೆ ಮುಟ್ಟುವ ಹಾಗಿಲ್ಲ, ತೂಗಬಹುದು. ಡಾಕ್ಟರ ಬಗ್ಗೆ ಈಗ ಮರ್ಯಾದೆಯಿಂದ ಮಾತಾಡುತ್ತೇನೆ. ಬೆಂಚಿನವರ ಬಗ್ಗೆ ಇಲ್ಲ.

ನಿನ್ನೆ ಜಯಮ್ಮ ಮುದ್ದೆ ಕಟ್ಟಿ, ತಕ್ಕಡಿಗೆ ಹಾಕದೆ ಅಂಗೈಯಲ್ಲೇ ಹಿಡಿದು ನನ್ನ ಮುಂದೆ ತಂದಳು. ನೋಡಲು ಪುಟ್ಟದಾಗಿಯೇ ಇತ್ತು.

"ಎಷ್ಟು ಬರ್ತದೆ, ನೋಡಿ ಹೇಳಿ."

ಹೇಳಲು ಬಾಯಿ ತೆರೆದೆ. ಅಂಕಿ ನಾಲಿಗೆಯ ತುದಿಗೇ ಬಂದಿತ್ತು.

"ಗೊತ್ತಿಲ್ಲ. ತೂಗು," ಎಂದೆ.