ಗಾಳಿಯಿಲ್ಲದ ಹನ್ನೊಂದು ದಿನ

ನನ್ನ ಭಾವ ಹಡಗಿನ ನೌಕರಿಯಿಂದ ನಿವೃತ್ತರಾಗಿ ರಾಜಾಜಿನಗರದಲ್ಲಿ ಮನೆ ಕಟ್ಟಿಸಿದರೂ ಎರಡು ವರ್ಷವೂ ಸುಮ್ಮನೆ ಕೂರಲಿಲ್ಲ. ಕೊಚ್ಚಿಯಲ್ಲಿ ಯಾರೋ ವಿದೇಶದವನು ಬಿಟ್ಟುಹೋಗಿದ್ದ ಮೂವತ್ತು ಅಡಿಯ ಹಾಯಿದೋಣಿಯನ್ನು ಕೊಂಡು, ಅದರಲ್ಲೇ ಮೊಂಬಾಸಾಕ್ಕೆ ಹೋಗುತ್ತೇನೆಂದು ಹಟ ಹಿಡಿದರು. ಒಬ್ಬರನ್ನೇ ಕಳಿಸಲು ಅಕ್ಕ ಒಪ್ಪಲಿಲ್ಲ. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದೆ. ದೋಣಿಯಲ್ಲೂ ಒಂದು ಪುಟ್ಟ ಡೀಸೆಲ್ ಇಂಜಿನ್ ಇತ್ತು. ಅಷ್ಟೇ ಸಾಕಾಯಿತು. ಹುರಿಹಿಟ್ಟು, ರಾಗಿಹಿಟ್ಟು, ಚಟ್ನಿಪುಡಿಯ ಡಬ್ಬಗಳ ಜೊತೆ ಅಕ್ಕ ನನ್ನನ್ನೂ ಸಾಗಹಾಕಿದಳು.

ಕೊಚ್ಚಿ ಬಂದರಿನಿಂದ ಇಂಜಿನ್ ಹಾಕಿಕೊಂಡು ಹೊರಬಿದ್ದದ್ದು ನನಗೆ ಸರಿಯಾಗಿ ನೆನಪಿಲ್ಲ; ಕಂಬಿ ಹಿಡಿದು ವಾಂತಿ ಮಾಡುತ್ತಿದ್ದೆ. ಹೊರಗೆ ಬಂದಮೇಲೆ ಭಾವ ಇಂಜಿನ್ ನಿಲ್ಲಿಸಿ ಹಾಯಿ ಏರಿಸಿದರು. ಎರಡು ವಾರ ಗಾಳಿ ಚೆನ್ನಾಗಿತ್ತು. ಹಾಸಿಗೆ ಒದ್ದೆ, ಬೆಂಕಿಪೊಟ್ಟಣ ಒದ್ದೆ, ಒಂದು ಕೈಯಲ್ಲಿ ಪಾತ್ರೆ ಹಿಡಿದುಕೊಳ್ಳದೆ ಗಂಜಿಯೂ ಕಾಯುತ್ತಿರಲಿಲ್ಲ. ಆದರೂ ಮುಂದೆ ಹೋಗುತ್ತಿದ್ದೇವೆ ಎಂಬ ಸಮಾಧಾನವಿತ್ತು.

ಆಮೇಲೆ ಗಾಳಿ ನಿಂತಿತು. ಗಾಳಿ ನಿಂತರೆ ಸಮುದ್ರವೂ ನಿಲ್ಲುತ್ತದೆ ಎಂದುಕೊಂಡಿದ್ದೆ. ಇಲ್ಲ. ಅಲೆ ದೋಣಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸುತ್ತಿತ್ತು. ಪ್ರತಿ ಹೊರಳಿಗೂ ಹಾಯಿ ಪಟಾರ್ ಎಂದು ಬಡಿಯುತ್ತಿತ್ತು. ಆ ಸದ್ದಿಗೆ ನನಗೆ ತಲೆ ಕೆಡುತ್ತಿತ್ತು. ಭಾವ ದಿನಾ ಮಧ್ಯಾಹ್ನ ಸೂರ್ಯನ ಎತ್ತರ ಅಳೆದು, ನಾವಿದ್ದ ಜಾಗಕ್ಕೆ ನಕಾಶೆಯ ಮೇಲೆ ಪೆನ್ಸಿಲ್ಲಿನಿಂದ ಚುಕ್ಕೆ ಇಡುತ್ತಿದ್ದರು. ಐದನೆಯ ದಿನದ ಚುಕ್ಕೆ ನಾಲ್ಕನೆಯದಕ್ಕಿಂತ ಹಿಂದೆ ಬಿತ್ತು. ನೀರಿನ ಸೆಳೆತ ನಮ್ಮನ್ನು ಬಂದ ದಾರಿಯ ಕಡೆಗೇ ಎಳೆಯುತ್ತಿತ್ತು.

ಇಂಜಿನ್ ಹಾಕೋಣ ಎಂದು ನಾನು ದಿನಾ ಕೇಳುತ್ತಿದ್ದೆ. ಡೀಸೆಲ್ ಉಳಿಸಬೇಕು, ಬಂದರು ಹತ್ತಿರವಾದಾಗ ಬೇಕಾಗುತ್ತೆ ಎನ್ನುತ್ತಿದ್ದರು. ಕುಡಿಯುವ ನೀರಿಗೆ ಅಳತೆ ಬಂತು, ಎರಡನೆಯ ಕಾಫಿ ನಿಂತಿತು. ಭಾವ ಊಟವಾದಮೇಲೆ ನಾಲಿಗೆಯಿಂದ ಹಲ್ಲು ಚೀಪುವ ಸದ್ದು ಅದುವರೆಗೆ ನನ್ನ ಕಿವಿಗೇ ಬಿದ್ದಿರಲಿಲ್ಲ. ಈಗ ಅದನ್ನು ಕೇಳಿದರೆ ಎದ್ದುಹೋಗೋಣ ಎನಿಸುತ್ತಿತ್ತು. ಎದ್ದು ಎಲ್ಲಿಗೆ ಹೋಗುವುದು? ಎಂಟು ಹೆಜ್ಜೆಗೆ ದೋಣಿ ಮುಗಿಯುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ನಾವು ಮಾತು ಬಿಟ್ಟಿದ್ದೆವು.

ಹತ್ತನೆಯ ದಿನ ಬೆಳಿಗ್ಗೆ, ಭಾವ ಮುಂದುಗಡೆ ಹಾಯಿಯ ನೆರಳಿನಲ್ಲಿ ತೂಕಡಿಸುತ್ತಿದ್ದಾಗ, ನಾನು ಕೆಳಗಿಳಿದು ಇಂಜಿನ್ ಸ್ಟಾರ್ಟ್ ಮಾಡಿದೆ. ನಾಲ್ಕೈದು ಸಲ ಕೆಮ್ಮಿ ನಿಂತುಹೋಯಿತು. ಫಿಲ್ಟರ್ ಬಿಚ್ಚಿದರೆ ಅರ್ಧ ನೀರು, ಅಡಿಯಲ್ಲಿ ಕೆಂಪು ತುಕ್ಕಿನ ಪುಡಿ. ತಲೆಯೆತ್ತಿದರೆ ಭಾವ ಮೆಟ್ಟಿಲ ಮೇಲೆ ಕೂತಿದ್ದರು.

"ಕೊಚ್ಚಿ ಬಿಟ್ಟಾಗಲೇ ಗೊತ್ತಾಯ್ತು ಕಣೋ," ಎಂದರು. "ಡ್ರಮ್ಮಿಂದ ಸೋಸದೇ ತುಂಬಿಸ್ಬಿಟ್ಟೆ. ನಿನ್ ಕೈಲಿ ಬೈಸ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

"ಹತ್ ದಿನ ಭಾವ," ಎಂದೆ. "ಈ ಕೆಲಸಕ್ಕೆ ತಾನೇ ನನ್ನ ಕರ್ಕೊಂಡು ಬಂದಿದ್ದು?"

ಅವರು ಒಳಗೆ ಹೋಗಿ ತಮ್ಮ ಒಳ್ಳೆಯ ಬಿಳಿ ಪಂಚೆ ತಂದರು. ಅದನ್ನು ನಾಲ್ಕು ಮಡಿಕೆ ಮಾಡಿ ಡೀಸೆಲ್ಲನ್ನೆಲ್ಲ ಸೋಸಿದೆವು. ಅವರು ಬಟ್ಟೆ ಹಿಡಿದರು, ನಾನು ಹೊಯ್ದೆ. ಪೈಪುಗಳನ್ನು ತೊಳೆದು, ಅವುಗಳಲ್ಲಿ ಸಿಕ್ಕಿದ್ದ ಗಾಳಿ ತೆಗೆದು, ಮರುದಿನ ಮಧ್ಯಾಹ್ನ ಇಂಜಿನ್ ಸರಿಯಾಗಿ ಓಡಿತು. ಖುಷಿಪಡಬೇಕಿತ್ತು, ಆದರೆ ನನಗೆ ಸಿಟ್ಟೇ ಹೆಚ್ಚಾಯಿತು. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಸಂಜೆಯ ಹೊತ್ತಿಗೆ ದಕ್ಷಿಣದಿಂದ ಗಾಳಿ ಬಂತು. ಆಮೇಲೆ ಮೊಂಬಾಸಾ ಬಂದರಿನ ಬಾಯಿಯವರೆಗೆ ಇಂಜಿನ್ ಬೇಕಾಗಲೇ ಇಲ್ಲ.

ದೋಣಿಯನ್ನು ಅಲ್ಲೇ ಮಾರಿ, ಪ್ರಯಾಣಿಕರ ಹಡಗಿನಲ್ಲಿ ಬೊಂಬಾಯಿಗೆ ಬಂದು, ರೈಲಿನಲ್ಲಿ ಊರು ಸೇರಿದೆವು. ಆ ಭಾನುವಾರ ಅಕ್ಕನ ಮನೆಯ ತುಂಬ ಜನ. ಭಾವ ಬಿರುಗಾಳಿಯ ಕತೆ ಹೇಳಿದರು, ತಿಮಿಂಗಿಲದ ಕತೆ ಹೇಳಿದರು. ಅವು ಸುಳ್ಳೇನಲ್ಲ, ಬಿರುಗಾಳಿ ಒಂದು ಮಧ್ಯಾಹ್ನ ಬೀಸಿತ್ತು, ತಿಮಿಂಗಿಲ ದೂರದಲ್ಲಿ ಒಮ್ಮೆ ಬೆನ್ನು ತೋರಿಸಿತ್ತು. ಗಾಳಿ ನಿಂತ ಹನ್ನೊಂದು ದಿನಗಳು ಮಾತ್ರ ಕತೆಯಲ್ಲಿ ಬರಲೇ ಇಲ್ಲ. ಅಡುಗೆಮನೆಯಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: "ಇಬ್ರೂ ಜಗಳ ಗಿಗಳ ಆಡ್ಲಿಲ್ಲ ತಾನೇ?"

ಇಲ್ಲ ಎಂದೆ. ಡೀಸೆಲ್ಲಿನ ವಿಷಯ ಭಾವ ಮೊದಲೇ ಹೇಳಲಿಲ್ಲವಲ್ಲ ಎಂದು ಇವತ್ತಿಗೂ ನನಗೆ ಹೊಟ್ಟೆಯುರಿಯುತ್ತದೆ.